ಕೂತು ಮೂಸಿ ನೋಡಿ

ಕ್ಯಾಂಪಸ್ಸಿನಲ್ಲಿ ನಮ್ಮ ನಾಲ್ವರನ್ನು ಈಗಲೂ ‘ಕೋಳಿ ಬ್ಯಾಚ್’ ಅಂತಲೇ ಕರೆಯೋದು. ಬೇರೆಯವರು ಡ್ರೋನ್ ಹಾರಿಸುತ್ತಿದ್ದಾಗ, ಮುಖ ಗುರುತಿಸುವ ಕ್ಯಾಮೆರಾ ಮಾಡುತ್ತಿದ್ದಾಗ ನಾವು ಕೋಳಿ ಹಿಕ್ಕೆಯ ಮೇಲೆ ಮೇಜರ್ ಪ್ರಾಜೆಕ್ಟ್ ಮಾಡಿದೆವು. ರಿಪೋರ್ಟು ಬೈಂಡಾಗಿ ಲೈಬ್ರರಿಯಲ್ಲಿ ಕೂತಿದೆ, ನೀಲಿ ರಟ್ಟು, ಬಂಗಾರದ ಅಕ್ಷರ. ಅದರಲ್ಲಿ ಬ್ಲಾಕ್ ಡಯಾಗ್ರಾಂ ಇದೆ, ಗ್ರಾಫ್ ಇದೆ, ಕೋಡ್ ಇದೆ. ಸತ್ತ ಮರಿಗಳ ಸಂಗತಿ ಮಾತ್ರ ಎಲ್ಲೂ ಇಲ್ಲ. ಸಂಘದವರು ಪತ್ರಿಕೆಗೆ ಏನಾದ್ರೂ ಬರ್ಕೊಡಿ ಅಂದಾಗ, ರಿಪೋರ್ಟಿನಲ್ಲಿ ಬರೆಯದೆ ಬಿಟ್ಟದ್ದನ್ನೇ ಬರೆಯೋಣ ಅಂದುಕೊಂಡೆವು.

ನಮ್ಮಲ್ಲಿ ಸಿವಿಲ್‌ನವನ ಮನೆ ತೀರ್ಥಹಳ್ಳಿ ಕಡೆ, ರಸ್ತೆಯಿಂದ ಒಳಗೆ. ಸ್ವಲ್ಪ ಅಡಿಕೆ, ಸ್ವಲ್ಪ ಗದ್ದೆ, ಎರಡು ದನ. ಅವನ ಅವ್ವ ಮೊದಲಿನಿಂದ ಹತ್ತು ಹನ್ನೆರಡು ನಾಟಿ ಕೋಳಿ ಸಾಕುತ್ತಿದ್ದವರು. (ಮೊದಲ ದಿನ ನಾವು ಅವರನ್ನು ‘ಆಂಟಿ’ ಅಂದೆವು. “ಎಂತ ಆಂಟಿ ಮಾರಾಯ, ಅವ್ವ ಅನ್ನಿ” ಅಂದರು. ಹಾಗಾಗಿ ಇಲ್ಲೂ ಅವ್ವ.) ಆ ಕೋಳಿಗಳಿಗೆ ಜಗಲಿ ಪಕ್ಕ ಒಂದು ಮರದ ಗೂಡು. ಬೆಳಿಗ್ಗೆ ಬಾಗಿಲು ತೆಗೆದರೆ ಕೋಳಿಗಳು ತೋಟಕ್ಕೆ, ಹಿಕ್ಕೆ ಕೆರೆದರೆ ತಿಪ್ಪೆಗೆ, ಮೇಲೊಂದು ಬೊಗಸೆ ಬೂದಿ. ಅಲ್ಲಿಗೆ ಕೆಲಸ ಮುಗೀತು.

ಎರಡು ವರ್ಷದ ಹಿಂದೆ ಅವ್ವ ದೊಡ್ಡ ಶೆಡ್ಡು ಕಟ್ಟಿಸಿದರು. 12 ಅಡಿಗೆ 15 ಅಡಿ, ಎಂಟು ಅಡಿ ಎತ್ತರ, ನೆಲಕ್ಕೆ ಸಿಮೆಂಟು, ಸುತ್ತ ಒಂದೂವರೆ ಅಡಿ ಗೋಡೆ, ಅದರ ಮೇಲೆ ಜಾಲರಿ. ಒಳಗೆ ನಿಂತು ಓಡಾಡಬಹುದು. ಅದರಲ್ಲಿ 50 ದೊಡ್ಡ ಕೋಳಿ. ಹೆಚ್ಚಿನವು ಗಿರಿರಾಜ, ಅಂದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿಪಡಿಸಿದ, ನಾಟಿಯ ಹಾಗೆ ಕಾಣುವ ಬಣ್ಣದ ತಳಿ. ಮಿಕ್ಕವು ಮನೆಯ ನಾಟಿ. ಒಂದು ಮೂಲೆಗೆ ಜಾಲರಿ ಅಡ್ಡ ಕಟ್ಟಿ 25 ಮರಿ ಬಿಟ್ಟಿದ್ದರು. ದೀಪಾವಳಿ ಹೊತ್ತಿಗೆ ಮಾರಲು ಸಾಕಿದ ಮರಿಗಳು. ಆ ದುಡ್ಡು ಎಲ್ಲಿಗೆ ಅಂತ ಮನೆಯಲ್ಲಿ ಮೊದಲೇ ತೀರ್ಮಾನವಾಗಿತ್ತು: ಮಗನ ಕೊನೇ ಸೆಮಿಸ್ಟರಿನ ಹಾಸ್ಟೆಲ್ ಫೀಸಿಗೆ.

ಗೂಡು ದೊಡ್ಡದಾದಾಗ ಕೆಲಸದ ಸ್ವರೂಪವೇ ಬದಲಾಗುತ್ತೆ ಅನ್ನೋದು ನಮಗೆ ಆಗ ಗೊತ್ತಿರಲಿಲ್ಲ. ಸಣ್ಣ ಗೂಡನ್ನು ದಿನಾ ಗುಡಿಸಬಹುದು. 180 ಚದರಡಿಯನ್ನು ದಿನಾ ಕೆರೆದು ತೊಳೆಯೋಕೆ ಆಗಲ್ಲ. ತೊಳೆದರೆ ಒಣಗೋದೂ ಇಲ್ಲ. ಅದಕ್ಕೇ ನೆಲದ ಮೇಲೆ ಮೂರ್ನಾಲ್ಕು ಇಂಚು ಭತ್ತದ ಹೊಟ್ಟು ಹಾಸೋದು. ಹಿಕ್ಕೆ ಅದರ ಮೇಲೆ ಬೀಳುತ್ತೆ, ಕೋಳಿಗಳೇ ಕೆದಕಿ ಬೆರೆಸುತ್ತವೆ, ಒಣಗುತ್ತೆ, ಮೇಲೆ ಇನ್ನಷ್ಟು ಹೊಟ್ಟು ಬೀಳುತ್ತೆ. ಹೀಗೆ ತಿಂಗಳುಗಟ್ಟಲೆ ನಡೆಯುತ್ತೆ. ಪುಸ್ತಕದಲ್ಲಿ ಇದಕ್ಕೆ ಡೀಪ್ ಲಿಟ್ಟರ್ ಅಂತಾರೆ. ಅವ್ವನಿಗೆ ವಿವರಿಸಹೋದಾಗ ಅವರು, “ಕೊಟ್ಟಿಗೆಗೆ ಸೊಪ್ಪು ಹಾಕ್ತೀವಲ್ಲ, ಹಂಗೇ” ಅಂದರು. ಗುಡ್ಡದಿಂದ ಸೊಪ್ಪು, ದರಗು ತಂದು ದನದ ಕೆಳಗೆ ಹಾಸಿ, ಸಗಣಿ ಗಂಜಲದ ಜೊತೆ ಗೊಬ್ಬರ ಮಾಡೋದು ಮಲೆನಾಡಿನಲ್ಲಿ ಹಳೇ ಪದ್ಧತಿ. ಹೋಲಿಕೆ ಸರಿ ಅಂತ ನಾವೂ ತಲೆಯಾಡಿಸಿದೆವು. ಒಂದು ವ್ಯತ್ಯಾಸ ಮಾತ್ರ ಯಾರಿಗೂ ಹೊಳೆಯಲಿಲ್ಲ. ಕೊಟ್ಟಿಗೆಯ ಸೊಪ್ಪು ಒದ್ದೆಯಾಗಿ ತುಳಿದಷ್ಟೂ ಒಳ್ಳೇದು. ಕೋಳಿಯ ಹೊಟ್ಟು ಒದ್ದೆಯಾದರೆ ಕೆಟ್ಟಿತು.

ಪ್ರಾಜೆಕ್ಟಿನ ಐಡಿಯಾ ಬಂದದ್ದು ಇ.ಸಿ.ಯವನಿಂದ. ಕೋಳಿಗೆ ಬೇರೆ ಮೂತ್ರ ಇಲ್ಲ. ಹಿಕ್ಕೆಯ ಮೇಲೆ ಬಿಳಿ ಟೋಪಿ ಥರ ಕಾಣುತ್ತಲ್ಲ, ಅದೇ ಯೂರಿಕ್ ಆಮ್ಲ. ತೇವ ಸಿಕ್ಕರೆ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಶೆಡ್ಡಿನ ಗಾಳಿಯಲ್ಲಿ ಅದು 25 ಪಿಪಿಎಂ ದಾಟಬಾರದು ಅನ್ನೋದು ಕೋಳಿ ಸಾಕಣೆಯವರ ಸಾಮಾನ್ಯ ಲೆಕ್ಕ. ದಾಟಿದರೆ ಕಣ್ಣು ಉರಿ, ಉಸಿರಿನ ತೊಂದರೆ. ಹಾಗಾದರೆ ಒಂದು ಎಂಕ್ಯೂ-135 ಸೆನ್ಸಾರು, ತೇವಾಂಶಕ್ಕೆ ಒಂದು ಡಿಎಚ್‌ಟಿ22, ಒಂದು ಬೋರ್ಡು, ಮೊಬೈಲಿಗೆ ಸಂದೇಶ. ಸಿನಾಪ್ಸಿಸ್ ಬರೆಯೋಕೆ ಒಂದು ಸಂಜೆ ಸಾಕಾಯ್ತು. ಗೈಡ್ ಕೂಡ ಖುಷಿಯಾಗಿ ಒಪ್ಪಿದರು.

ಮೇ ತಿಂಗಳ ರಜೆಯಲ್ಲಿ ಹೋಗಿ ಹಾಕಿಬಂದೆವು. ಬಾಗಿಲ ಪಕ್ಕದ ಕಂಬಕ್ಕೆ, ವೈರಿಂಗ್ ಮಾಡೋಕೆ ಅನುಕೂಲ ಅಂತ, ನಮ್ಮ ತಲೆಯ ಎತ್ತರಕ್ಕೆ. ಬೇಸಿಗೆಯ ಹೊಟ್ಟು ಗರಿಗರಿಯಾಗಿತ್ತು. ಕಾಲಿಟ್ಟರೆ ಸರ್ ಅನ್ನುತ್ತಿತ್ತು. ಗ್ರಾಫು ಇಸ್ತ್ರಿ ಮಾಡಿದ ಹಾಗೆ ನೇರ. ಅವ್ವ ಕಡುಬು, ಕೋಳಿ ಸಾರು ಮಾಡಿ ಹಾಕಿದರು. ಯಾವ ಕೋಳಿ ಅಂತ ನಾವು ಕೇಳಲಿಲ್ಲ.

ಹಾಸ್ಟೆಲ್ಲಿಗೆ ವಾಪಸಾದ ಮೂರನೇ ದಿನ ಬೆಳಿಗ್ಗೆ ಆರು ಗಂಟೆಗೆ ನಾಲ್ವರ ಮೊಬೈಲೂ ಒಟ್ಟಿಗೆ ಹೊಡೆದುಕೊಂಡವು: ಅಮೋನಿಯಾ ಅಪಾಯದ ಮಟ್ಟ. ಗಾಬರಿಯಿಂದ ಮನೆಗೆ ಫೋನ್ ಮಾಡಿದರೆ ಕೋಳಿಗಳು ತಣ್ಣಗೆ ಮೇಯುತ್ತಿವೆ. ಮರುದಿನವೂ ಅದೇ ಆರು ಗಂಟೆ. ಅದರ ಮರುದಿನವೂ. ನಾಲ್ಕನೇ ದಿನ ಗೊತ್ತಾಯ್ತು, ಅದು ಬಚ್ಚಲೊಲೆ ಹಚ್ಚುವ ಹೊತ್ತು. ಹಂಡೆಗೆ ಹಾಕಿದ ಸೌದೆಯ ಹೊಗೆ ನೇರ ಶೆಡ್ಡಿನ ಕಡೆ ಬರುತ್ತಿತ್ತು. ಎಂಕ್ಯೂ-135ಕ್ಕೆ ಅಮೋನಿಯಾ, ಹೊಗೆ, ಆಲ್ಕೋಹಾಲು ಎಲ್ಲ ಒಂದೇ. ಯಾವುದು ಬಂದರೂ ಅದರ ರೆಸಿಸ್ಟೆನ್ಸ್ ಇಳಿಯುತ್ತೆ, ಯಾವುದು ಬಂತು ಅಂತ ಅದು ಹೇಳಲ್ಲ. ಜೊತೆಗೆ ಒಳಗಿನ ಹೀಟರ್ ಚೆನ್ನಾಗಿ ಕಾದು ಸ್ಥಿರವಾಗೋಕೆ ಗಂಟೆಗಟ್ಟಲೆ ಬೇಕು. ಮಳೆ ಶುರುವಾದ ಮೇಲೆ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗಿ ಬರುತ್ತಿತ್ತು. ಪ್ರತಿ ಸಲ ಅದು ಹೊಸದಾಗಿ ಹುಟ್ಟಿದ ಹಾಗೆ ಬಾಯಿಗೆ ಬಂದ ಸಂಖ್ಯೆ ಹೇಳುತ್ತಿತ್ತು. ಇಂಟರ್ನಲ್ಸ್ ಬೇರೆ ಹತ್ತಿರ ಬಂದಿತ್ತು. ಒಂದು ರಾತ್ರಿ ನಾವು ನಾಲ್ವರೂ, ಯಾರೂ ಯಾರಿಗೂ ಹೇಳದೆ, ಆ ಅಲರ್ಟ್ ಗುಂಪನ್ನು ಮ್ಯೂಟ್ ಮಾಡಿದ್ದೆವು. ಆಮೇಲೆ ಒಬ್ಬೊಬ್ಬರ ಮೊಬೈಲ್ ತೆಗೆದು ನೋಡಿದಾಗ ತಿಳಿದದ್ದು ಇದು.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ತೀರ್ಥಹಳ್ಳಿ ಕಡೆಯ ಮಳೆ ನೋಡದವರಿಗೆ ಹೇಳೋದು ಕಷ್ಟ. ಅಲ್ಲಿ ಮಳೆ ಮೇಲಿಂದ ಮಾತ್ರ ಬೀಳೋದಲ್ಲ, ಪಕ್ಕದಿಂದಲೂ ಬರುತ್ತೆ. ಎರಚಲು ಜಾಲರಿ ದಾಟಿ ಹೊಟ್ಟಿನ ಮೇಲೆ ಬೀಳ್ತಿದೆ ಅಂತ ಅವ್ವ ಫೋನಿನಲ್ಲಿ ಹೇಳಿದರು. ನಾವು ಸ್ಪೀಕರ್ ಹಾಕಿಕೊಂಡು, ಹಾಸ್ಟೆಲ್ ಮಂಚದ ಮೇಲೆ ಕೂತು, ಐದೇ ನಿಮಿಷದಲ್ಲಿ ಪರಿಹಾರ ಕೊಟ್ಟೆವು: ನಾಲ್ಕೂ ಕಡೆ ಟಾರ್ಪಾಲು ಕಟ್ಟಿಬಿಡಿ ಅವ್ವ, ಮೇಲಿಂದ ಕೆಳಗಿನವರೆಗೆ. “ಉಸಿರು ಕಟ್ಟಲ್ವನಾ ಅವಕ್ಕೆ?” ಅಂತ ಅವರು ಒಮ್ಮೆ ಕೇಳಿದರು. ಇಲ್ಲ ಅವ್ವ, ಸೆನ್ಸಾರ್ ಇದೆಯಲ್ಲ, ಏನಾದ್ರೂ ಆದ್ರೆ ನಮಗೇ ಮೊದಲು ಗೊತ್ತಾಗುತ್ತೆ ಅಂದೆವು. ಈ ವಾಕ್ಯವನ್ನು ಹೇಳಿದ್ದು ನಮ್ಮಲ್ಲಿ ಯಾರು ಅನ್ನೋದರ ಬಗ್ಗೆ ಈಗ ಒಮ್ಮತ ಇಲ್ಲ. ಹೇಳಿದ್ದಂತೂ ಹೌದು.

ಇಲ್ಲಿ ಒಂದು ಲೆಕ್ಕ ಹೇಳಬೇಕು. ನಾವು ಮೊದಲೇ ಮಾಡಬೇಕಿದ್ದ, ಆದರೆ ಎಲ್ಲ ಆದ ಮೇಲೆ ಮಾಡಿದ ಲೆಕ್ಕ. ಮೂರನೇ ಸೆಮಿಸ್ಟರಿನ ಮಾಸ್ ಬ್ಯಾಲೆನ್ಸ್ ಸಾಕು ಇದಕ್ಕೆ.

ದೊಡ್ಡ ಕೋಳಿಯೊಂದು ದಿನಕ್ಕೆ ಸುಮಾರು 110 ಗ್ರಾಂ ಹಸಿ ಹಿಕ್ಕೆ ಹಾಕುತ್ತೆ. ಅದರಲ್ಲಿ ಮುಕ್ಕಾಲು ಪಾಲು ನೀರು. 50 ಕೋಳಿ, 25 ಮರಿ ಸೇರಿದರೆ ದಿನಕ್ಕೆ ಏಳು ಕಿಲೋ ಹಿಕ್ಕೆ, ಅಂದರೆ ನೆಲಕ್ಕೆ ಐದು ಲೀಟರ್ ನೀರು. ಎರಡೂವರೆ ದಿನಕ್ಕೊಂದು ಕೊಡ ತುಂಬಾ ನೀರನ್ನು ಹೊಟ್ಟಿನ ಮೇಲೆ ಸುರಿದ ಹಾಗೆ, ಮಳೆಯ ಒಂದು ಹನಿ ಒಳಗೆ ಬರದಿದ್ದರೂ. ಇನ್ನೊಂದು ಕಡೆಯಿಂದ ನೋಡಿದರೆ ಇನ್ನೂ ಸ್ಪಷ್ಟ. ಅವ್ವ ದಿನಕ್ಕೆ ಕುಡಿಯಲು ಇಡುತ್ತಿದ್ದ ನೀರು 14 ಲೀಟರ್. ಮೊಟ್ಟೆಯ ರೂಪದಲ್ಲಿ ಹೊರಗೆ ಹೋಗೋದು ಹೆಚ್ಚೆಂದರೆ ಒಂದು ಲೀಟರ್. ಉಳಿದ 13 ಲೀಟರ್, ಉಸಿರಿನಿಂದಲೋ ಹಿಕ್ಕೆಯಿಂದಲೋ, ಗಾಳಿಯ ದಾರಿಯಲ್ಲೇ ಹೊರಗೆ ಹೋಗಬೇಕು. ಬೇರೆ ದಾರಿಯೇ ಇಲ್ಲ.

ಆ ತಿಂಗಳ ಗಾಳಿ ಹೇಗಿತ್ತು? 23 ಡಿಗ್ರಿ, ತೇವಾಂಶ ಶೇ 90. ಅಷ್ಟು ಉಷ್ಣಾಂಶದ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 20 ಗ್ರಾಂ ಚಿಲ್ಲರೆ ನೀರಾವಿ ಹಿಡಿಯುತ್ತೆ. ಆಗಲೇ 18 ಗ್ರಾಂ ತುಂಬಿಕೊಂಡು ಬಂದಿದೆ. ಅಂದರೆ ಇನ್ನು ಎರಡು ಗ್ರಾಮಿಗೆ ಮಾತ್ರ ಜಾಗ. 13 ಲೀಟರ್ ಹೊರಸಾಗಿಸೋಕೆ ದಿನಕ್ಕೆ 6,500 ಘನ ಮೀಟರ್ ಗಾಳಿ ಬೇಕು. ಶೆಡ್ಡಿನ ಒಳಗಿರೋದು 41 ಘನ ಮೀಟರ್. ಒಂಬತ್ತು ನಿಮಿಷಕ್ಕೊಮ್ಮೆ ಶೆಡ್ಡಿನ ಪೂರ್ತಿ ಗಾಳಿ ಬದಲಾಗಬೇಕು, ಹಗಲೂ ರಾತ್ರಿ. ಕೋಳಿಗಳ ಮೈಶಾಖಕ್ಕೆ ಗಾಳಿ ಒಂದೆರಡು ಡಿಗ್ರಿ ಬಿಸಿಯಾಗೋದರಿಂದ ಸ್ವಲ್ಪ ಕಡಿಮೆಯಲ್ಲೂ ಸಾಗೀತು. ಜನವರಿಯ ಮಧ್ಯಾಹ್ನದ ಒಣಗಾಳಿಯಾದರೆ ಇದರ ಐದಾರರಲ್ಲೊಂದು ಪಾಲು ಸಾಕು. ಅದಕ್ಕೇ ಬೇಸಿಗೆಯಲ್ಲಿ ಹಾಸು ತಾನಾಗೇ ಚೆನ್ನಾಗಿರುತ್ತೆ, ಏನೂ ಮಾಡದವನೂ ಜಾಣನ ಹಾಗೆ ಕಾಣ್ತಾನೆ.

ಮಳೆಗಾಲದಲ್ಲಿ, ಗಾಳಿಯ ಅಗತ್ಯ ಅತಿ ಹೆಚ್ಚಿರುವ ಹೊತ್ತಿನಲ್ಲಿ, ನಾವು ಗಾಳಿ ನಿಲ್ಲಿಸಿದ್ದೆವು. ಎರಚಲಿನಿಂದ ದಿನಕ್ಕೆ ಒಂದೆರಡು ಲೀಟರ್ ಒಳಗೆ ಬರುತ್ತಿತ್ತೇನೋ. ಅದನ್ನು ತಡೆಯಲು ಹೋಗಿ ಹದಿಮೂರು ಲೀಟರಿಗೆ ಬಾಗಿಲು ಹಾಕಿದೆವು. ನಮ್ಮಲ್ಲಿ ಮೆಕ್ಯಾನಿಕಲ್‌ನವನೊಬ್ಬನಿದ್ದಾನೆ. ಸೈಕ್ರೋಮೆಟ್ರಿಕ್ ಚಾರ್ಟಿನಲ್ಲಿ ಅವನಿಗೆ ಒಳ್ಳೇ ಅಂಕ ಬಂದಿತ್ತು.

ಜುಲೈ ಮೊದಲ ವಾರ ಕೋಳಿಗಳ ಕಣ್ಣಲ್ಲಿ ನೀರು ಅಂತ ಫೋನ್ ಬಂತು. ಮೋಡದ ಹವೆಗೆ ಇರಬಹುದು ಅಂದೆವು. ನಾಲ್ಕು ದಿನ ಬಿಟ್ಟು ಇನ್ನೊಂದು: ಮರಿಗಳು ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ಮುದುಡಿ ಕೂತಿವೆ, ಹಿಕ್ಕೆಯಲ್ಲಿ ರಕ್ತ. ಅವತ್ತು ಸಂಜೆಯೇ ಎರಡು ಸತ್ತವು. ಒಟ್ಟು ಹನ್ನೊಂದು ಹೋದವು. ಸಿವಿಲ್‌ನವ ಅವತ್ತು ಮೆಸ್ಸಿಗೆ ಬರಲಿಲ್ಲ.

ತಾಲ್ಲೂಕಿನ ಪಶು ವೈದ್ಯರು ಮಳೆಯಲ್ಲೇ ಬಂದು ನೋಡಿದರಂತೆ. ಬಂದವರು ಮೊದಲು ಮರಿಯನ್ನು ನೋಡಲಿಲ್ಲ. ಟಾರ್ಪಾಲು ಎತ್ತಿದರು, ಒಳಗೆ ಹೋದರು, ಮೊಣಕಾಲೂರಿ ಕೂತರು, ಒಂದು ಹಿಡಿ ಹೊಟ್ಟು ತೆಗೆದು ಹಿಂಡಿದರು. ಅದು ಉಂಡೆಯಾಗಿ ಹಾಗೇ ನಿಂತಿತು. ರೋಗ ಕಾಕ್ಸಿಡಿಯೋಸಿಸ್. ಆ ಪರಾವಲಂಬಿಯ ಮೊಟ್ಟೆಯಂಥ ಕಣಗಳು ಹಿಕ್ಕೆಯಲ್ಲಿ ಹೊರಬೀಳುತ್ತವೆ. ಒಣ ಹಾಸಿನಲ್ಲಿ ಹೆಚ್ಚಿನವು ಹಾಗೇ ನಿಷ್ಕ್ರಿಯವಾಗುತ್ತವೆ. ಬೆಚ್ಚಗೆ ತೇವ ಇದ್ದರೆ ಒಂದೆರಡು ದಿನದಲ್ಲೇ ಬಲಿತು ಸೋಂಕಿಗೆ ತಯಾರಾಗುತ್ತವೆ. ದೊಡ್ಡ ಕೋಳಿಗಳಿಗೆ ಹಳೇ ಪರಿಚಯ ಇರೋದರಿಂದ ತಡೆದುಕೊಳ್ಳುತ್ತವೆ, ಮರಿಗಳಿಗೆ ಆಗಲ್ಲ. ಮರಿಗಳನ್ನು ದೊಡ್ಡವುಗಳ ಜೊತೆ ಒಂದೇ ಶೆಡ್ಡಿನಲ್ಲಿ ಬಿಟ್ಟದ್ದೂ ತಪ್ಪು ಅಂತ ಅವರು ಹೇಳಿದರು. ನೀರಿಗೆ ಹಾಕಲು ಆಂಪ್ರೋಲಿಯಂ ಕೊಟ್ಟರು. ಉಳಿದ ಹದಿನಾಲ್ಕು ಬದುಕಿದವು.

ಹೋಗುವ ಮುಂಚೆ ವೈದ್ಯರು ಎರಡು ಮಾತು ಆಡಿದರಂತೆ. ಒಂದು, “ಶೆಡ್ಡಿಗೆ ಬಂದಾಗ ನಿಂತು ಮೂಸಬೇಡಿ, ಕೂತು ಮೂಸಿ ನೋಡಿ. ಕೋಳಿ ಉಸಿರಾಡೋದು ನಿಮ್ಮ ಮೂಗಿನ ಎತ್ತರದಲ್ಲಲ್ಲ.” ಅಮೋನಿಯಾ ಹುಟ್ಟೋದು ಹಾಸಿನಲ್ಲಿ. ಅಲ್ಲೇ ದಟ್ಟ. ಆರು ಅಡಿ ಮೇಲೆ ಕಂಬಕ್ಕೆ ನೇತುಹಾಕಿದ್ದ ನಮ್ಮ ಪೆಟ್ಟಿಗೆಯತ್ತ ಅವರು ನೋಡಿಯೂ ಇರಲಿಲ್ಲ. ಇನ್ನೊಂದು, “ಈ ಟಾರ್ಪಾಲು ಹೀಗೆ ಕಟ್ಟು ಅಂತ ನಿಮಗೆ ಹೇಳಿದ್ಯಾರು?”

ಅದಕ್ಕೆ ಅವ್ವ, “ಯಾರೂ ಹೇಳಿಲ್ಲ ಸಾರ್, ಎರಚಲು ಬತ್ತದೆ ಅಂತ ನಾನೇ ಕಟ್ಟಿದ್ದು” ಅಂದರಂತೆ.

ಇದು ನಮಗೆ ಗೊತ್ತಾದದ್ದು ಪಕ್ಕದ ಮನೆಯವರಿಂದ, ಬಹಳ ತಡವಾಗಿ. ಗೊತ್ತಿದೆ ಅಂತ ಅವ್ವನಿಗೆ ನಾವು ಇವತ್ತಿಗೂ ಹೇಳಿಲ್ಲ.

ಆ ಶುಕ್ರವಾರ ರಾತ್ರಿ ಬಸ್ಸು ಹತ್ತಿದೆವು. ಕೈಯಲ್ಲಿ ಒಂದು ಮೂಟೆ ಅರಳಿದ ಸುಣ್ಣ. ಸಿ.ಎಸ್‌.ನವ ಎಲ್ಲೋ ವಿಡಿಯೋ ನೋಡಿದ್ದ, ಸುಣ್ಣ ಹಾಕಿದರೆ ವಾಸನೆ ಹೋಗುತ್ತೆ, ತೇವ ಎಳೆಯುತ್ತೆ ಅಂತ. ಇಳಿದವರೇ, ತಿಂಡಿ ಕೂಡ ತಿನ್ನದೆ, ಒದ್ದೆ ಹಾಸಿನ ಮೇಲೆ ಎರಚಿ ಕೆದಕಿದೆವು. ಐದು ನಿಮಿಷಕ್ಕೆ ನಾಲ್ವರೂ ಕಣ್ಣು ಬಿಡಲಾಗದೆ ಹೊರಗೆ ಓಡಿ ಬಂದೆವು. ಒಳಗೆ ಕೋಳಿಗಳಿದ್ದವು. ಬಾಗಿಲು ತೆಗೆದು ಎಲ್ಲವನ್ನೂ ಮಳೆಗೇ ಅಟ್ಟಬೇಕಾಯ್ತು.

ಪಿಯುಸಿಯಲ್ಲಿ ಕೆಮಿಸ್ಟ್ರಿ ಪ್ರಾಕ್ಟಿಕಲ್ ಮಾಡಿದವರಿಗೆಲ್ಲ ನೆನಪಿರುತ್ತೆ. ಲವಣಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಬಿಸಿ ಮಾಡಿ ಮೂಸಬೇಕು, ಘಾಟು ಬಂದರೆ ಅಮೋನಿಯಂ ಇದೆ ಅಂತ ಬರೆಯಬೇಕು. ಆಮ್ಲದ ಕಡೆ ಇದ್ದಾಗ ಅಮೋನಿಯಂ ಆಗಿ ಹಾಸಿನಲ್ಲೇ ಕಟ್ಟಿಹಾಕಿಕೊಂಡಿದ್ದದ್ದು ಪಿಎಚ್ ಏರಿದರೆ ಅಮೋನಿಯಾ ಅನಿಲವಾಗಿ ಏಳುತ್ತೆ. ಸುಣ್ಣ ಮಾಡಿದ್ದು ಅದನ್ನೇ. 180 ಚದರಡಿ ಟೆಸ್ಟ್ ಟ್ಯೂಬಿನಲ್ಲಿ ನಿಂತು ನಾವು ಆ ಪ್ರಯೋಗ ಇನ್ನೊಮ್ಮೆ ಮಾಡಿದ್ದೆವು. ಸುಣ್ಣಕ್ಕೆ ಅದರದೇ ಜಾಗ ಇದೆ: ಶೆಡ್ಡು ಪೂರ್ತಿ ಖಾಲಿ ಮಾಡಿ, ನೆಲ ಗುಡಿಸಿ, ಹೊಸ ಹೊಟ್ಟು ಹಾಕುವ ಮುಂಚೆ ಬಳಿಯಬಹುದು. ಹಸಿ ಹಿಕ್ಕೆಯ ಮೇಲೆ, ಕೋಳಿ ಒಳಗಿದ್ದಾಗ ಬೇಡವೇ ಬೇಡ. ಅವ್ವನ ಹಳೇ ಗೂಡಿನ ಬೂದಿಯೂ ಕ್ಷಾರವೇ ಅಲ್ವಾ, ಅದು ಯಾಕೆ ಘಾಟು ಎಬ್ಬಿಸಲಿಲ್ಲ ಅಂತ ನಾವು ತುಂಬಾ ಹೊತ್ತು ಚರ್ಚೆ ಮಾಡಿದೆವು. ಉತ್ತರ ಸರಳ. ಅಲ್ಲಿ ದಿನಾ ಕೆರೆದು ತೆಗೆದ ಮೇಲೆ ಬೂದಿ ಹಾಕೋದು. ಅಮೋನಿಯಾ ಆಗೋಕೆ ಹಿಕ್ಕೆಗೆ ಪುರಸೊತ್ತೇ ಸಿಗುತ್ತಿರಲಿಲ್ಲ.

ಶನಿವಾರ, ಭಾನುವಾರ ಎರಡೂ ದಿನ ಕೆರೆದೆವು. ಒದ್ದೆ ಹೊಟ್ಟು ಮತ್ತು ಹಿಕ್ಕೆ ಸೇರಿ ತುಳಿದು ತುಳಿದು ಚಪ್ಪಡಿಯಾಗಿತ್ತು. ಸಲಿಕೆ ಕೊಟ್ಟರೆ ಹಲಗೆಯ ಹಾಗೆ ಏಳುತ್ತಿತ್ತು, ಅಡಿಯಲ್ಲಿ ಕಪ್ಪು, ಕೊಳೆತ ವಾಸನೆ. ಬಾಂಡ್ಲಿಯಲ್ಲಿ ತುಂಬಿ, ಗೋಣಿಚೀಲಕ್ಕೆ ಸುರಿದು, ತಲೆ ಮೇಲೆ ಹೊತ್ತು ತೋಟದ ಅಂಚಿಗೆ. ಕಂಬಳಿಕೊಪ್ಪೆ ಹಾಕಿಕೊಂಡ ಅವ್ವ ನಮಗಿಂತ ಎರಡರಷ್ಟು ಹೊತ್ತರು. ಸತ್ತ ಮರಿಗಳ ಮಾತು ಎತ್ತಲಿಲ್ಲ. ಊಟಕ್ಕೆ ಕರೆದರು, ಹೋದೆವು. ಅವತ್ತು ಸೊಪ್ಪಿನ ಸಾರು.

ಹೊಟ್ಟು ತರಲು ಹೋದರೆ ಅದೂ ಒಂದು ಪಾಠ. ಜುಲೈಯಲ್ಲಿ ಮಿಲ್ಲಿನಲ್ಲಿ ಸಿಗೋದು ಕಮ್ಮಿ, ಸಿಕ್ಕರೂ ಹೊರಗೆ ರಾಶಿ ಹಾಕಿ ತೇವ ಕುಡಿದದ್ದು. “ಸುಗ್ಗಿ ಆದ ಕೂಡ್ಲೆ ತುಂಬಿಸಿ ಅಟ್ಟಕ್ಕೆ ಹಾಕಬೇಕು ಅಂತ ನಾನು ಜನವರಿಯಿಂದ ಬಡ್ಕೊಂಡೆ” ಅಂದರು ಅವ್ವ. ಇದನ್ನು ಮಾತ್ರ ಮಗನಿಗೆ ಹೇಳಿದ್ದು. ಸಾಮಿಲ್ಲಿನ ಮರದ ಪುಡಿ ಸಿಕ್ಕಿತು. ಅದು ನೀರು ಹೀರೋದರಲ್ಲಿ ಹೊಟ್ಟಿಗಿಂತ ಮುಂದು. ಆದರೆ ಬರೀ ಪುಡಿ ಹಾಸಿದರೆ ಒಣಗಿದಾಗ ದೂಳು, ಒದ್ದೆಯಾದಾಗ ಅಂಟು, ಮರಿಗಳು ತಿನ್ನೋದೂ ಉಂಟು. ಹೊಟ್ಟು ಹೆಚ್ಚು ಹೀರಲ್ಲ, ಆದರೆ ಸಿಲಿಕಾ ತುಂಬಿದ ಗಟ್ಟಿ ಸಿಪ್ಪೆಯಾದ್ದರಿಂದ ಬೇಗ ಕೊಳೆಯಲ್ಲ, ನಡುವೆ ಗಾಳಿಯಾಡಲು ಬಿಡುತ್ತೆ. ಸಿಕ್ಕ ಹೊಟ್ಟನ್ನು ಅಡಿಕೆ ಒಣಗಿಸುವ ಒಲೆಯ ಹತ್ತಿರ ಹರಡಿ ಬೆಚ್ಚಗೆ ಮಾಡಿ, ಮರದ ಪುಡಿ ಜೊತೆ ಬೆರೆಸಿ ನಾಲ್ಕು ಇಂಚು ಹಾಸಿದೆವು. ಒಂದು ಮೂಲೆಯಲ್ಲಿ ಒಣಗೇ ಉಳಿದಿದ್ದ ಹಳೇ ಹಾಸನ್ನು ಎಸೆಯದೆ ದೊಡ್ಡ ಕೋಳಿಗಳ ಕಡೆ ಸ್ವಲ್ಪ ಬೆರೆಸಿದ್ದು ಅವ್ವ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಮರಿಗಳನ್ನು ಹಳೇ ಮರದ ಗೂಡಿಗೆ ಕಳಿಸಿದರು, ಅಲ್ಲಿ ಪೂರ್ತಿ ಹೊಸ ಹೊಟ್ಟು.

ಆಮೇಲಿನ ಎರಡು ತಿಂಗಳು ನಮ್ಮ ಪ್ರಾಜೆಕ್ಟು ನಿಜವಾಗಿ ನಡೆಯಿತು. ಅದರಲ್ಲಿ ಎಲೆಕ್ಟ್ರಾನಿಕ್ಸ್ ಕಡಿಮೆ. ಸಿವಿಲ್‌ನವ ಸೂರನ್ನು ಮೂರು ಅಡಿ ಮುಂದಕ್ಕೆ ಚಾಚಿದ. ಹಳೇ ಶೀಟು, ಅಡಿಕೆ ಮರದ ತೊಲೆ. ಎರಚಲು ಅಲ್ಲಿಗೇ ಮುಕ್ಕಾಲು ನಿಂತಿತು. ಟಾರ್ಪಾಲು ಈಗ ಗಾಳಿಮಳೆ ಬೀಸುವ ಪಶ್ಚಿಮದ ಕಡೆ ಒಂದೇ, ಅದೂ ಮೇಲೆ ಒಂದು ಅಡಿ ಬಿಟ್ಟು, ಮಳೆ ನಿಂತ ಕೂಡಲೇ ಇಳಿಸುವಂತೆ ಹಗ್ಗ.

ತುಂಬಾ ಕೆಲಸಕ್ಕೆ ಬಂದದ್ದು ದಬ್ಬೆ ಅಟ್ಟಣೆ. ಕೋಳಿಗಳು ರಾತ್ರಿ ಕೂರುವ ಗಳ ಶೆಡ್ಡಿನ ನಡುವೆ ಅಡ್ಡಾದಿಡ್ಡಿ ಇತ್ತು. ದಿನದ ಹಿಕ್ಕೆಯಲ್ಲಿ ಅರ್ಧದ ಹತ್ತಿರ ಬೀಳೋದು ರಾತ್ರಿ, ಕೂತ ಜಾಗದಲ್ಲೇ. ಗಳಗಳನ್ನೆಲ್ಲ ಹಿಂದಿನ ಗೋಡೆಗೆ ಸರಿಸಿ, ಅವುಗಳ ಕೆಳಗೆ ಅಡಿಕೆ ದಬ್ಬೆಯ ಮೇಲೆ ಹಳೇ ಗೊಬ್ಬರದ ಚೀಲ ಬಿಡಿಸಿ ಹಾಸಿದೆವು. ಬೆಳಿಗ್ಗೆ ಎದ್ದು ಆ ಚೀಲ ಕೆರೆದರೆ ಆಯ್ತು. ಮೊದಲ ವಾರ ದಿನಾ ತೂಗಿದೆವು, ಮೂರು ಕಿಲೋ ಆಸುಪಾಸು. ಮೂರು ಕಿಲೋ ಹಿಕ್ಕೆ, ಅದರೊಳಗಿನ ಎರಡು ಲೀಟರಿಗೂ ಹೆಚ್ಚು ನೀರು, ಹಾಸನ್ನು ಮುಟ್ಟದೇ ಹೊರಗೆ. ಸಣ್ಣ ಗೂಡಿನಲ್ಲಿ ಅವ್ವ ಮಾಡುತ್ತಿದ್ದ ಕೆಲಸವನ್ನೇ ದೊಡ್ಡ ಗೂಡಿನ ಒಂದು ಪಟ್ಟಿಗೆ ತಂದ ಹಾಗಾಯ್ತು.

ನೀರಿನ ಡಬ್ಬಿಗಳನ್ನು ಕೋಳಿಯ ಬೆನ್ನಿನೆತ್ತರಕ್ಕೆ ಏರಿಸಿ, ಕೆಳಗೆ ಜಲ್ಲಿ ತುಂಬಿದ ತಟ್ಟೆ ಇಟ್ಟೆವು. ತಗ್ಗಿನಲ್ಲಿಟ್ಟರೆ ಕೆದಕಿ ಚೆಲ್ಲುತ್ತವೆ, ಅದರ ಸುತ್ತಲೇ ಮೊದಲು ಚಪ್ಪಡಿ ಕಟ್ಟೋದು. ಸಂಜೆ ಎರಡು ಹಿಡಿ ಭತ್ತವನ್ನು ಹಾಸಿನ ಮೇಲೆ ಬೇರೆ ಬೇರೆ ಕಡೆ ಎರಚೋದು ಅವ್ವನ ಉಪಾಯ. ಕಾಳು ಹುಡುಕುತ್ತಾ ಐವತ್ತು ಕೋಳಿ ಅರ್ಧ ಗಂಟೆ ಕೆದಕಿದರೆ ಇಡೀ ನೆಲ ತಿರುವಿ ಹಾಕಿದ ಹಾಗೆ. ಮೆಕ್ಯಾನಿಕಲ್‌ನವ ಮೋಟಾರ್ ಇಟ್ಟು ಹಾಸು ತಿರುವುವ ಯಂತ್ರದ ಚಿತ್ರ ಬರೆದಿದ್ದ. ಅದನ್ನು ಮಡಚಿ ಜೇಬಿಗಿಟ್ಟುಕೊಂಡ.

ಸೆನ್ಸಾರನ್ನೂ ಬಿಡಲಿಲ್ಲ. ನೆಲದಿಂದ ಒಂದು ಅಡಿಗೆ ಇಳಿಸಿ, ಕೋಳಿ ಕುಕ್ಕದ ಹಾಗೆ ಜಾಲರಿ ಸುತ್ತಿ, ಬ್ಯಾಟರಿ ಸೇರಿಸಿ, ಬೆಳಗಿನ ಹೊಗೆಯ ಗಂಟೆಯನ್ನು ಕೋಡಿನಲ್ಲಿ ಬಿಟ್ಟೆವು. ಅದು ಹೇಳುವ ಪಿಪಿಎಂ ಮೇಲೆ ನಮಗೆ ಈಗಲೂ ನಂಬಿಕೆ ಇಲ್ಲ. ಏರುತ್ತಿದೆಯಾ ಇಳಿಯುತ್ತಿದೆಯಾ ಅನ್ನೋದರ ಮೇಲೆ ಸ್ವಲ್ಪ ಇದೆ. ಜೊತೆಗೆ ಅವ್ವ ದಿನಾ ನಾಲ್ಕು ಕಡೆಯಿಂದ ಒಂದೊಂದು ಹಿಡಿ ಹಾಸು ಹಿಂಡಿ ನೋಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದರು. ಹಿಂಡಿದಾಗ ಸ್ವಲ್ಪ ಹಿಡಿದುಕೊಂಡು, ಕೈ ಬಿಟ್ಟ ಕೂಡಲೇ ಒಡೆದು ಉದುರಿದರೆ ಸರಿ. ಉಂಡೆ ನಿಂತರೆ ಒದ್ದೆ. ಹಿಡಿದುಕೊಳ್ಳದೇ ದೂಳಾದರೆ ತೀರಾ ಒಣ, ಅದೂ ಕೋಳಿಯ ಉಸಿರಿಗೆ ಒಳ್ಳೇದಲ್ಲ. ನಾವು ಅದೇ ಹಾಸನ್ನು ತಂದು ಕಾಲೇಜಿನ ಓವನ್ನಿನಲ್ಲಿ ಒಣಗಿಸಿ ತೂಗಿದೆವು. ಸರಿ ಅಂದದ್ದು ಶೇ 20ರಿಂದ 25 ತೇವ, ಒದ್ದೆ ಅಂದದ್ದು 35ರ ಮೇಲೆ. ಮೂವತ್ತೆರಡು ಸ್ಯಾಂಪಲ್ಲಿನಲ್ಲಿ ಅವರ ಕೈ ತಪ್ಪಿದ್ದು ಎರಡು ಸಲ. ನಮ್ಮ ಡಿಎಚ್‌ಟಿ22 ಅಳೆಯೋದು ಗಾಳಿಯ ತೇವವನ್ನು, ಹಾಸಿನದನ್ನಲ್ಲ. ಮಳೆಗಾಲ ಪೂರ್ತಿ ಅದು ಶೇ 90ರ ಮೇಲೆಯೇ ಕೂತಿತ್ತು.

ಕೆರೆದು ಹೊತ್ತು ಹಾಕಿದ ಆ ಚೀಲಗಳ ಗೊಬ್ಬರವನ್ನು ಅವ್ವ ದರಗಿನ ಜೊತೆ ಪದರ ಪದರವಾಗಿ ರಾಶಿ ಹಾಕಿದರು. ಹಸಿ ಕೋಳಿಗೊಬ್ಬರ ಬುಡಕ್ಕೆ ಹಾಕಿದರೆ ಬೇರು ಸುಡುತ್ತೆ. ವಾರದ ಮೇಲೆ ಹೋದಾಗ ಮಳೆಯಲ್ಲೂ ಆ ರಾಶಿಯಿಂದ ಹಬೆ ಏಳುತ್ತಿತ್ತು. ಥರ್ಮಾಮೀಟರ್ ಚುಚ್ಚಿದರೆ 58 ಡಿಗ್ರಿ. ಡಿಸೆಂಬರಿನಲ್ಲಿ ಅದು ಕಪ್ಪು ಪುಡಿಯಾಗಿ ಅಡಿಕೆ ಬುಡ ಸೇರಿತು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಗ್ರಾಫಿನಲ್ಲಿ ಜುಲೈ ಮೊದಲ ಎರಡು ವಾರ ಯಾಕೆ ಅಷ್ಟು ಏರಿದೆ ಅಂತ ಕೇಳಿದರು. ಹೌದು, ಸೆನ್ಸಾರು ಆಗ ಆರು ಅಡಿ ಮೇಲಿದ್ದೂ ಏರಿದ್ದನ್ನು ದಾಖಲಿಸಿತ್ತು. ನಾವು ನೋಡಿರಲಿಲ್ಲ ಅಷ್ಟೆ. ಇ.ಸಿ.ಯವ ‘ವೆಂಟಿಲೇಶನ್ ಸಮಸ್ಯೆ ಸಾರ್’ ಅಂದ. ಅವರು ಮುಂದಿನ ಸ್ಲೈಡಿಗೆ ಹೋಗಿ ಅಂದರು. ಹೋದೆವು.

ಹಾಸ್ಟೆಲ್ ಫೀಸಿಗೆ ಅವ್ವ ಆ ವರ್ಷ ಒಣಗಿಸಿಟ್ಟ ಅಡಿಕೆಯನ್ನು ರೇಟು ಏರುವ ಮುಂಚೆಯೇ ಮಾರಿದರು. ನಾವು ಮೂವರು ಸೇರಿ ಕೊಡ್ತೀವಿ ಅಂದದ್ದಕ್ಕೆ ಸಿವಿಲ್‌ನವ ಎರಡು ದಿನ ನಮ್ಮ ಜೊತೆ ಮಾತು ಬಿಟ್ಟಿದ್ದ.

ಈ ಜನವರಿಯಲ್ಲಿ ಮತ್ತೆ ಹೋಗಿದ್ದೆವು. ಮಿಲ್ಲಿಗೆ ಹೊಸ ಹೊಟ್ಟು ಬಂದಿದೆ, ಗಾಡಿ ಹೇಳಿದ್ದೀನಿ, ಹೊರೋಕೆ ಜನ ಬೇಕು ಅಂತ ಅವ್ವನೇ ಫೋನ್ ಮಾಡಿದ್ದರು. ಅರವತ್ತು ಚೀಲ ಅಟ್ಟಕ್ಕೇರಿಸಿದೆವು. ಮೈಯೆಲ್ಲ ತುರಿಕೆ. ಸಂಜೆ ಶೆಡ್ಡಿಗೆ ಹೋಗಿ ನಾಲ್ವರೂ ಕುಕ್ಕರುಗಾಲಿನಲ್ಲಿ ಕೂತು ಮೂಸಿದೆವು. ಹೊಟ್ಟಿನ ವಾಸನೆ, ಸ್ವಲ್ಪ ಮಣ್ಣಿನ ವಾಸನೆ, ಅಷ್ಟೇ. ಒಂದು ಹೇಂಟೆ ಬಂದು ಸಿ.ಎಸ್‌.ನವನ ವಾಚು ಕುಕ್ಕಿತು.

ನಮ್ಮ ಪೆಟ್ಟಿಗೆ ಇನ್ನೂ ಅಲ್ಲೇ ಇತ್ತು, ಆದರೆ ಶೆಡ್ಡಿನಲ್ಲಲ್ಲ. ಯಾರೋ ಅದನ್ನು ಅಡುಗೆಮನೆಯ ಹಿಂದಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದರು. ಹಸಿರು ದೀಪ ಉರೀತಿತ್ತು. ತೆಗೆದುಕೊಂಡು ಹೋಗ್ಲಾ ಅವ್ವ, ಡಿಪಾರ್ಟ್‌ಮೆಂಟಿಗೆ ವಾಪಸ್ ಕೊಡಬೇಕು ಅಂದರೆ, “ಇರ್ಲಿ ಬಿಡ್ರಾ” ಅಂದರು. “ಬಚ್ಚಲೊಲೆ ಹತ್ಕೊಂತಾ ಇಲ್ವಾ ಅಂತ ಇಲ್ಲಿಂದ್ಲೇ ಗೊತ್ತಾಗ್ತದೆ.”